ಶಿಕ್ಷಣ ತಂತ್ರಾಂಶಗಳ ಗುಣಪರೀಕ್ಷೆಯೂ ಶಿಕ್ಷಕನ ಕರ್ತವ್ಯವೂ

(ಉಪನ್ಯಾಸ)



ದೇವರ ಹಿಪ್ಪರಗಿಯು ಮಡಿವಾಳ ಮಾಚಯ್ಯನವರ ಜನ್ಮಸ್ಥಳವೆಂದು ನಾಡಿನಲ್ಲೆಲ್ಲ ಖ್ಯಾತವಾದ ಕ್ಷೇತ್ರವು. ಬಟ್ಟೆಯನ್ನು ಮಡಿ ಮಾಡುವದೇ ಆ ಮಹಾಶರಣರ ಕಾಯಕವಾಗಿತ್ತು. ಕಾಯಕನಿಷ್ಠರಲ್ಲದವರ ಬಟ್ಟೆಯನ್ನು ಅವರು ಮುಟ್ಟುತ್ತಿದ್ದಿಲ್ಲವೆಂದು ಪರಂಪರೆಯು ಹೇಳುತ್ತದೆ. ಈ ಮಾತಿನಲ್ಲಿ ಭಕ್ತಿಯ ಸಂಗಡ ಲೋಕವ್ಯವಹಾರದ ಒಂದು ತಿಳಿವಳಿಕೆಯೂ ಅಡಗಿರುವದು. ಬಲ್ಲ ಮಡಿವಾಳನು ಕೈಗೆ ಬಂದ ಗಂಟನ್ನು ಹಾಗೆಯೇ ನೀರಿಗೆ ಹಾಕುವದಿಲ್ಲ. ಮೊದಲು ಬಿಚ್ಚಿ ನೋಡುತ್ತಾನೆ. ನೂಲು ಯಾವದು, ಬಣ್ಣವು ನಿಲ್ಲುವದೋ ಬಿಡುವದೋ, ಕಲೆಯು ಎಣ್ಣೆಯದೋ ಮಣ್ಣಿನದೋ, ಸವಳು ಎಷ್ಟು ಬೇಕು ಎಂಬದನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಅರಿತುಕೊಂಡ ಬಳಿಕವೇ ಬಟ್ಟೆಯು ಹಳ್ಳಕ್ಕೆ ಹೋಗುವದು. ಪರೀಕ್ಷೆಯು ಮೊದಲು, ಕೆಲಸವು ನಂತರ. ಈ ಕ್ರಮವು ತಪ್ಪಿದರೆ ಕೆಡುವದು ಮಡಿವಾಳನ ಬಟ್ಟೆಯಲ್ಲ, ನಂಬಿ ಕೊಟ್ಟವರ ಬಟ್ಟೆ.

ಶಾಲೆಯ ಬಾಗಿಲಿಗೂ ಈಗ ಇಂಥ ಒಂದು ಗಂಟು ಬಂದು ಬಿದ್ದಿರುವದು. ಅದರ ಹೆಸರು ಶಿಕ್ಷಣ ತಂತ್ರಾಂಶ. ಗಣಕಯಂತ್ರದಲ್ಲಿಯೂ ಕೈಯೊಳಗಿನ ಮೊಬೈಲಿನಲ್ಲಿಯೂ ಪಾಠ ಹೇಳುವ, ಲೆಕ್ಕ ಕೊಡುವ, ಪರೀಕ್ಷೆ ನಡೆಸುವ, ಅಂಕ ಹಾಕುವ ಈ ಸಾಧನವನ್ನು ಮಾರುವವರು ಅನೇಕರು, ಉಚಿತವಾಗಿ ಕೊಡುವವರು ಕೆಲವರು, ದಾನ ಮಾಡುವ ಭಕ್ತರು ಹಲವರು. ಗಂಟನ್ನು ಬಿಚ್ಚಿ ನೋಡುವವರು ಮಾತ್ರ ವಿರಳ. ಆ ಕೆಲಸವು ಯಾರದು, ಅದನ್ನು ಮಾಡುವ ಬಗೆ ಹೇಗೆ ಎಂಬದೇ ಇಂದಿನ ವಿಚಾರದ ವಿಷಯವು.

ಈ ಜಿಲ್ಲೆಗೆ ವಿದ್ಯೆಯ ಹಸಿವು ಹೊಸದಲ್ಲ. 1910ರಲ್ಲಿ ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯು ಸ್ಥಾಪಿತವಾಯಿತು. ಅದಕ್ಕಾಗಿ ದುಡಿದ ಮಹನೀಯರಲ್ಲಿ ಫ. ಗು. ಹಳಕಟ್ಟಿಯವರು ಒಬ್ಬರು. ಅವರೇ ತಾಡೋಲೆಗಳಲ್ಲಿ ಅಡಗಿದ್ದ ವಚನಗಳನ್ನು ಹುಡುಕಿ, ಹಲವು ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಬೆಳಕಿಗೆ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ತಾಡೋಲೆಗಳ ಮುಂದೆ ಅಚ್ಚಿನ ಯಂತ್ರವು ಹೊಸ ಸಾಧನವಾಗಿತ್ತು. ಹಳಕಟ್ಟಿಯವರು ಅದನ್ನು ದೂರ ತಳ್ಳಲಿಲ್ಲ, ಅದರ ಬೆರಗಿಗೆ ಮರುಳಾಗಲೂ ಇಲ್ಲ. ಪಾಠವು ಶುದ್ಧವಾಗಿದೆಯೇ ಎಂಬದನ್ನು ಮೊದಲು ನೋಡಿ, ಅನಂತರ ಅಚ್ಚಿಗೆ ಕೊಟ್ಟರು. ಹೊಸ ಸಾಧನದೊಡನೆ ನಡೆದುಕೊಳ್ಳಬೇಕಾದ ರೀತಿಯು ಇದೇ.

ಗಣಕಯಂತ್ರವು ಕರ್ನಾಟಕದ ಶಾಲೆಗಳಿಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ನೆನೆಯುವದು ಉಚಿತ. ಈ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಎಂಬ ಯೋಜನೆಯಿಂದ ಸರಕಾರಿ ಪ್ರೌಢಶಾಲೆಗಳಿಗೆ ಯಂತ್ರಗಳು ಬಂದವು. 2004ರ ಸೆಪ್ಟೆಂಬರಿನಲ್ಲಿ ಹಾರಿದ ‘ಎಜುಸ್ಯಾಟ್’ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಪಾಠಗಳು ಬಿತ್ತರವಾದವು. 2010ರಲ್ಲಿ ಆ ಉಪಗ್ರಹದ ಆಯುಷ್ಯವು ತೀರಿತು. 2016-17ರಿಂದ ‘ಟಾಲ್ಪ್’ ಎಂಬ ಕಾರ್ಯಕ್ರಮದಲ್ಲಿ ಶಿಕ್ಷಕರಿಗೆ ತರಬೇತಿಯು ಆರಂಭವಾಯಿತು. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನವೇ, ಕೇಂದ್ರ ಸರಕಾರದ ‘ದೀಕ್ಷಾ’ ವೇದಿಕೆಯು ಲೋಕಾರ್ಪಣವಾಯಿತು. ಪಠ್ಯಪುಸ್ತಕದ ಪುಟದಲ್ಲಿ ಅಚ್ಚಾದ ಚೌಕದ ಗುರುತಿಗೆ ಮೊಬೈಲನ್ನು ಹಿಡಿದರೆ ಆ ಪಾಠದ ಚಿತ್ರಪಾಠವು ತೆರೆದುಕೊಳ್ಳುವ ಏರ್ಪಾಡು ಅದರಿಂದ ಬಂದಿತು. 2020ರ ಮಾರ್ಚಿನಲ್ಲಿ ಸಾಂಕ್ರಾಮಿಕದ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಮೊಬೈಲು ಇದ್ದ ಮನೆಯ ಮಗುವಿಗೆ ಪಾಠವು ದೊರೆಯಿತು, ಇಲ್ಲದ ಮನೆಯ ಮಗುವು ಕುರಿ-ಮೇಕೆಗಳ ಹಿಂದೆ ಹೋಯಿತು. ಸಾಧನದ ಶಕ್ತಿಯೂ ಅದರ ಪಕ್ಷಪಾತವೂ ಒಂದೇ ಕಾಲಕ್ಕೆ ಜನರ ಕಣ್ಣಿಗೆ ಬಿದ್ದದ್ದು ಆಗಲೇ.

ಹಾಗಾದರೆ ಈ ತಂತ್ರಾಂಶಗಳಿಂದ ಮಕ್ಕಳು ನಿಜವಾಗಿ ಕಲಿಯುತ್ತಾರೆಯೇ? ಲೋಕದಲ್ಲಿ ಈ ಪ್ರಶ್ನೆಯನ್ನು ಶ್ರದ್ಧೆಯಿಂದ ಪರಿಶೋಧಿಸಿದವರು ಉಂಟು. ಅಮೇರಿಕೆಯ ಶಿಕ್ಷಣ ಇಲಾಖೆಯು ಓದು ಹಾಗೂ ಗಣಿತದ 16 ತಂತ್ರಾಂಶಗಳನ್ನು 132 ಶಾಲೆಗಳಲ್ಲಿ ಪರೀಕ್ಷಿಸಿ 2007ರಲ್ಲಿ ವರದಿಯನ್ನು ಪ್ರಕಟಿಸಿತು. ಬಳಸಿದ ತರಗತಿಗಳಿಗೂ ಬಳಸದ ತರಗತಿಗಳಿಗೂ ಅಂಕಗಳಲ್ಲಿ ಗಣನೀಯ ಅಂತರವು ಕಾಣಲಿಲ್ಲ. ಪೆರು ದೇಶದ 319 ಗ್ರಾಮೀಣ ಶಾಲೆಗಳ ಪರಿಶೀಲನೆಯು 2012ರಲ್ಲಿ ಹೊರಬಂದಿತು. ಮಗುವಿಗೊಂದು ಗಣಕಯಂತ್ರವನ್ನು ಕೊಟ್ಟರೂ ಭಾಷೆಯಲ್ಲಾಗಲಿ ಗಣಿತದಲ್ಲಾಗಲಿ ಕಲಿಕೆಯು ಹೆಚ್ಚಲಿಲ್ಲವೆಂದು ಅದು ಹೇಳಿತು. ಇವಿಷ್ಟನ್ನೇ ಕೇಳಿದರೆ ಯಂತ್ರಗಳನ್ನು ಕೋಣೆಯಲ್ಲಿಟ್ಟು ಬೀಗ ಹಾಕುವದೇ ಲೇಸೆಂದು ತೋರೀತು. ಆದರೆ ಗುಜರಾತದ ವಡೋದರದಲ್ಲಿ ನಾಲ್ಕನೆಯ ತರಗತಿಯ ಮಕ್ಕಳಿಗೆ ವಾರಕ್ಕೆ ಎರಡು ತಾಸು ಗಣಿತದ ಆಟಗಳನ್ನು ಗಣಕಯಂತ್ರದಲ್ಲಿ ಆಡಿಸಿದಾಗ ಗಣಿತದ ಅಂಕಗಳು ಚೆನ್ನಾಗಿ ಏರಿದುವೆಂದು 2007ರಲ್ಲಿ ಪ್ರಕಟವಾದ ಇನ್ನೊಂದು ಪರಿಶೀಲನೆಯು ತೋರಿಸಿತು. ದಿಲ್ಲಿಯಲ್ಲಿ 619 ಮಕ್ಕಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಶೋಧನೆಯಲ್ಲಿಯೂ, ಪ್ರತಿಯೊಂದು ಮಗುವಿನ ನಿಜವಾದ ಮಟ್ಟವನ್ನು ಅರಿತು ಅಲ್ಲಿಂದಲೇ ಪಾಠವನ್ನು ಆರಂಭಿಸುವ ತಂತ್ರಾಂಶವು, ಚಿಕ್ಕ ಗುಂಪಿನ ಬೋಧನೆಯೊಡನೆ ಸೇರಿ, ನಾಲ್ಕೂವರೆ ತಿಂಗಳಲ್ಲಿಯೇ ಗಣಿತದಲ್ಲಿಯೂ ಹಿಂದಿಯಲ್ಲಿಯೂ ಒಳ್ಳೆಯ ಫಲವನ್ನು ಕೊಟ್ಟಿತು.

ಇವೆಲ್ಲವುಗಳಿಗಿಂತ ಹೆಚ್ಚಿನ ಪಾಠವನ್ನು ಕಲಿಸುವದು 2008ರ ಗುಜರಾತದ ಮತ್ತೊಂದು ಪರಿಶೀಲನೆ. ಅಲ್ಲಿ ಒಂದೇ ತಂತ್ರಾಂಶವನ್ನು ಎರಡು ಬಗೆಯಾಗಿ ಬಳಸಲಾಗಿತ್ತು. ಶಾಲೆಯ ವೇಳೆಯಲ್ಲಿ ಶಿಕ್ಷಕರ ಪಾಠವನ್ನು ಬಿಡಿಸಿ ಅದನ್ನು ಕೂಡಿಸಿದಲ್ಲಿ ಮಕ್ಕಳ ಕಲಿಕೆಯು ಕುಂದಿತು. ಶಾಲೆಯ ವೇಳೆಯ ಹೊರಗೆ, ಪಾಠಕ್ಕೆ ಪೂರಕವಾಗಿ ಬಳಸಿದಲ್ಲಿ ಕಲಿಕೆಯು ಹೆಚ್ಚಿತು. ಯಂತ್ರವು ಅದೇ, ತಂತ್ರಾಂಶವು ಅದೇ. ಫಲವು ಮಾತ್ರ ವಿರುದ್ಧ. ಈ ಸೀಮೆಯ ಜನರಿಗೆ ಇದು ಆಶ್ಚರ್ಯದ ಸಂಗತಿಯಲ್ಲ. ಡೋಣಿ ಹರಿದರೆ ಓಣಿಯೆಲ್ಲ ಜೋಳವೆಂಬ ನಾಣ್ಣುಡಿಯನ್ನು ಆಡುವ ಬಾಯಿಯೇ ಡೋಣಿಯ ಉಪ್ಪುನೀರನ್ನೂ ಅದರ ನೆರೆಯನ್ನೂ ಬಲ್ಲದು. ಒಂದೇ ಹೊಳೆಯು ಒಂದು ಹೊಲಕ್ಕೆ ಮೆಕ್ಕಲು ಮಣ್ಣನ್ನು ತರುವದು, ಮತ್ತೊಂದು ಹೊಲದ ಬೆಳೆಯನ್ನೇ ಒಯ್ಯುವದು.

ಆದುದರಿಂದ ‘ಈ ತಂತ್ರಾಂಶವು ಒಳ್ಳೆಯದೇ?’ ಎಂಬ ಪ್ರಶ್ನೆಯೇ ಅರ್ಧ ಪ್ರಶ್ನೆಯು. ಯಾವ ಮಕ್ಕಳಿಗೆ, ಯಾವ ಪಾಠಕ್ಕೆ, ಯಾವ ಶಿಕ್ಷಕನ ಕೈಯಲ್ಲಿ ಒಳ್ಳೆಯದು ಎಂಬದು ಪೂರ್ಣ ಪ್ರಶ್ನೆಯು. ಬಡಿಗನು ಕೂರಿಗೆಯನ್ನು ಎಷ್ಟೇ ಅಂದವಾಗಿ ಮಾಡಿರಲಿ, ತಾಳಿನ ಅಂತರವು ಜೋಳಕ್ಕೆ ಸರಿಯಾಗಿದೆಯೋ, ಎರೆಯ ಹೊಲದಲ್ಲಿ ಬೀಜವು ಹಸಿಗೆ ಮುಟ್ಟುವದೋ ಎಂಬದನ್ನು ಬಡಿಗನ ಮನೆಯ ಅಂಗಳದಲ್ಲಿ ನಿರ್ಣಯಿಸಲಾಗದು. ಹೊಲದಲ್ಲಿ ನಾಲ್ಕು ಸಾಲು ಹೊಡೆದು ನೋಡುವ ಒಕ್ಕಲಿಗನೇ ಅದಕ್ಕೆ ಪ್ರಮಾಣವು. ಶಾಲೆಯ ಹೊಲಕ್ಕೆ ಆ ಒಕ್ಕಲಿಗನು ಶಿಕ್ಷಕನು.

ವಿದ್ವಾಂಸರು ಹೇಳುವದೂ ಇದನ್ನೇ. 1994ರಲ್ಲಿ ಡೇವಿಡ್ ಸ್ಕ್ವಯರ್ಸ್, ಆನ್ ಮ್ಯಾಕ್‌ಡೂಗಲ್ ಎಂಬ ಇಬ್ಬರು, ಶಿಕ್ಷಕರು ತಂತ್ರಾಂಶವನ್ನು ಆರಿಸುವ ಬಗೆಯನ್ನು ಕುರಿತು ಒಂದು ಗ್ರಂಥವನ್ನು ರಚಿಸಿದರು. ತಂತ್ರಾಂಶದಲ್ಲಿ ಮೂವರ ದೃಷ್ಟಿಗಳು ಕೂಡುವವೆಂದು ಅವರು ವಿವರಿಸಿದರು: ರಚಿಸಿದವನದು, ಶಿಕ್ಷಕನದು, ವಿದ್ಯಾರ್ಥಿಯದು. ಪ್ರತಿಯೊಂದನ್ನು ಬೇರೆ ಬೇರೆ ನೋಡಿದರೆ ಸಾಲದು. ರಚನಕಾರನಿಗೂ ಶಿಕ್ಷಕನಿಗೂ, ಶಿಕ್ಷಕನಿಗೂ ವಿದ್ಯಾರ್ಥಿಗೂ, ರಚನಕಾರನಿಗೂ ವಿದ್ಯಾರ್ಥಿಗೂ ನಡುವೆ ಏನು ನಡೆಯುವದೆಂಬದನ್ನು ನೋಡಬೇಕು. 1999ರಲ್ಲಿ ಅದೇ ಸ್ಕ್ವಯರ್ಸ್ ಅವರು ಜೆನ್ನಿ ಪ್ರೀಸ್ ಅವರೊಡನೆ ಇನ್ನೊಂದು ಮಾತನ್ನು ಕೂಡಿಸಿದರು. ಕಲಿಕೆಗೆ ಒದಗುವ ಗುಣವನ್ನೂ ಬಳಸಲಿಕ್ಕೆ ಸುಲಭವಾಗಿರುವ ಗುಣವನ್ನೂ ಎರಡು ಪಟ್ಟಿಗಳಲ್ಲಿ ಬೇರೆ ಬೇರೆಯಾಗಿ ಬರೆದರೆ ಸತ್ಯವು ತಪ್ಪಿಹೋಗುವದು. ಎರಡೂ ಒಂದರೊಡನೊಂದು ಹೆಣೆದುಕೊಂಡಿರುವವು. ಅಂತರರಾಷ್ಟ್ರೀಯ ಮಾನಕಸಂಸ್ಥೆಯು 1998ರಲ್ಲಿ ನಿಗದಿಪಡಿಸಿ 2018ರಲ್ಲಿ ಪರಿಷ್ಕರಿಸಿದ ಒಂದು ಮಾನಕವು ಬಳಕೆಯೋಗ್ಯತೆಗೆ ಮೂರು ಲಕ್ಷಣಗಳನ್ನು ಹೇಳುತ್ತದೆ: ಉದ್ದಿಷ್ಟ ಕಾರ್ಯವು ಸಾಧಿಸಬೇಕು, ಅದು ಮಿತವಾದ ಶ್ರಮ-ಕಾಲಗಳಲ್ಲಿ ಸಾಧಿಸಬೇಕು, ಬಳಸುವವನಿಗೆ ಸಮಾಧಾನವಾಗಬೇಕು. ಅದೂ ನಿರ್ದಿಷ್ಟ ಜನರಿಗೆ, ನಿರ್ದಿಷ್ಟ ಪರಿಸರದಲ್ಲಿ ಎಂಬ ಷರತ್ತು ಆ ವ್ಯಾಖ್ಯೆಯಲ್ಲಿಯೇ ಸೇರಿದೆ. ಬೇರೊಂದು ದೇಶದ ತಂಪುಕೋಣೆಯಲ್ಲಿ ಸುಲಭವಾದದ್ದು ಸಿಂದಗಿ, ಇಂಡಿ, ಮುದ್ದೇಬಿಹಾಳ ಸೀಮೆಗಳ ಹಳ್ಳಿಯ ಶಾಲೆಯಲ್ಲಿ ಸುಲಭವಾದೀತೆಂಬ ನೇಮವಿಲ್ಲ.

ಈ ತತ್ತ್ವಗಳನ್ನು ಶಿಕ್ಷಕರು ತಮ್ಮ ತರಗತಿಗೆ ಇಳಿಸಿಕೊಳ್ಳುವ ಬಗೆಯನ್ನು ಇನ್ನು ವಿಚಾರಿಸತಕ್ಕದ್ದು. ಇದಕ್ಕೆ ಆರು ಒರೆಗಲ್ಲುಗಳು ಸಾಕು.

ಮೊದಲನೆಯದು ವಿಷಯಶುದ್ಧಿ ಹಾಗೂ ಭಾಷಾಶುದ್ಧಿ. ಪಾಠವು ತಪ್ಪಿಲ್ಲದಿರಬೇಕು, ತರಗತಿಯ ಪಠ್ಯಕ್ರಮಕ್ಕೆ ಹೊಂದಬೇಕು. ಕನ್ನಡದ ಒತ್ತಕ್ಷರಗಳೂ ಅರ್ಕವೂ ಪರದೆಯ ಮೇಲೆ ಒಡೆಯದೆ ಕಾಣಬೇಕು. ಭಾಷಾಂತರವು ಯಂತ್ರದಿಂದ ಆದದ್ದೋ, ಕನ್ನಡ ಬಲ್ಲವರು ಬರೆದದ್ದೋ ಎಂಬದು ಎರಡು ಪುಟಗಳನ್ನು ಗಟ್ಟಿಯಾಗಿ ಓದಿದರೆ ತಿಳಿಯುವದು. ಇದರಲ್ಲಿ ಒಂದು ಸೂಕ್ಷ್ಮವೂ ಇದೆ. ಈ ಭಾಗದ ಹಿರಿಯರು ‘ಇರುವದು’ ಎಂದು ಬರೆಯುತ್ತ ಬಂದರು. ಈಗಿನ ಪುಸ್ತಕಗಳು ‘ಇರುವುದು’ ಎನ್ನುತ್ತವೆ. ಮಗುವು ಅಜ್ಜನ ರೂಢಿಯಂತೆ ಉತ್ತರವನ್ನು ಬರೆದರೆ ತಂತ್ರಾಂಶವು ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ ತಪ್ಪೆಂದು ಕೆಂಪು ಗುರುತು ಹಾಕಬಹುದು. ಶಿಕ್ಷಕನು ಎದುರಿಗೆ ಇದ್ದಿದ್ದರೆ ನಕ್ಕು ತಿದ್ದುತ್ತಿದ್ದನು, ಅಂಕವನ್ನು ಕಳೆಯುತ್ತಿರಲಿಲ್ಲ.

ಎರಡನೆಯದು ಬೋಧನೆಯ ಗುಣ. ಒಂದು ಮಗುವು 52ರಲ್ಲಿ 27ನ್ನು ಕಳೆದು 35 ಎಂದು ಬರೆಯಿತೆಂದು ತಿಳಿಯೋಣವಾಗಲಿ. ಉತ್ತರವು ತಪ್ಪು, ಆದರೆ ತಪ್ಪಿಗೆ ಒಂದು ದಾರಿಯಿದೆ. ಬಿಡಿಯ ಸ್ಥಾನದಲ್ಲಿ 2ರಲ್ಲಿ 7 ಹೋಗದೆಂದು ಮಗುವು 7ರಲ್ಲಿಯೇ 2ನ್ನು ಕಳೆಯಿತು. ‘ತಪ್ಪು, ಮತ್ತೆ ಪ್ರಯತ್ನಿಸು’ ಎಂದು ಗಂಟೆ ಬಾರಿಸುವ ತಂತ್ರಾಂಶವು ಆ ಮಗುವಿಗೆ ಏನನ್ನೂ ಕಲಿಸಲಿಲ್ಲ. ಹತ್ತನ್ನು ಬಿಡಿಸಿ ಬಿಡಿಗಳೊಡನೆ ಕೂಡಿಸಿ ತೋರಿಸುವ ತಂತ್ರಾಂಶವು ಕಲಿಸಿತು. ಮತ್ತೂ ಒಂದು ಮಾತು. ನಾಲ್ಕರಲ್ಲಿ ಒಂದನ್ನು ಆರಿಸುವ 20 ಪ್ರಶ್ನೆಗಳಿಗೆ ಕಣ್ಣು ಮುಚ್ಚಿ ಬೆರಳಿಟ್ಟರೂ ಸರಾಸರಿ 5 ಸರಿಯಾಗುವವು. ತಪ್ಪಿದಾಗಲೆಲ್ಲ ಇನ್ನೊಮ್ಮೆ ಒತ್ತಲಿಕ್ಕೆ ಬಿಟ್ಟರೆ ಕೊನೆಗೆ 20ಕ್ಕೆ 20 ಆಗುವದು. ಆ ಅಂಕವನ್ನು ನೋಡಿ ಹಿಗ್ಗುವ ಪಾಲಕರು ಮೋಸ ಹೋದಂತೆಯೇ.

ಮೂರನೆಯದು ಕಾಲದ ಲೆಕ್ಕ. 40 ಮಕ್ಕಳ ತರಗತಿಗೆ 10 ಯಂತ್ರಗಳಿವೆ, ಪಾಠದ ಅವಧಿಯು 40 ನಿಮಿಷಗಳು ಎಂದು ಇಟ್ಟುಕೊಂಡರೆ, ಮಕ್ಕಳು ಕೋಣೆಗೆ ಬಂದು ಕೂಡ್ರಲಿಕ್ಕೆ 5, ಯಂತ್ರವು ಏಳಲಿಕ್ಕೆ 5, ಹೆಸರನ್ನೂ ಗುಪ್ತಪದವನ್ನೂ ಬರೆಯಲಿಕ್ಕೆ 5, ಮುಚ್ಚಿ ಹೊರಡಲಿಕ್ಕೆ 5 ನಿಮಿಷಗಳು ಹೋದುವು. ಉಳಿದದ್ದು 20. ಒಂದು ಯಂತ್ರದ ಮುಂದೆ ನಾಲ್ವರು ಸರದಿಯಿಂದ ಕುಳಿತರೆ ಒಂದು ಮಗುವಿಗೆ ದೊರೆತದ್ದು ಐದೇ ನಿಮಿಷಗಳು. ಗುಪ್ತಪದವನ್ನು ಕೇಳದೆ ತೆರೆಯುವ, ಇಬ್ಬರು ಮೂವರು ಕೂಡಿ ಆಡಬಹುದಾದ, ಮೂರು ಒತ್ತುಗಳಲ್ಲಿ ಪಾಠಕ್ಕೆ ಒಯ್ಯುವ ತಂತ್ರಾಂಶವು ಇದೇ ಕೋಣೆಯಲ್ಲಿ ಇಮ್ಮಡಿ ಕಾಲವನ್ನು ಉಳಿಸಿಕೊಡುವದು. ಬಳಕೆಯ ಸೌಲಭ್ಯವೆಂಬದು ಅಲಂಕಾರವಲ್ಲ. ಅದು ಬಡವರ ಮಕ್ಕಳ ಕಲಿಕೆಯ ಕಾಲವು.

ನಾಲ್ಕನೆಯದು ಸ್ಥಳದ ಯೋಗ್ಯತೆ. ವಿದ್ಯುತ್ತು ಹೋಗಿ ಬಂದಾಗ ಬಿಟ್ಟಲ್ಲಿಂದಲೇ ಮುಂದುವರಿಯುವದೋ, ಮೊದಲಿಂದ ಆರಂಭಿಸಬೇಕೋ? ಅಂತರಜಾಲವಿಲ್ಲದೆ ನಡೆಯುವದೋ? ಹಳೆಯ ಯಂತ್ರದಲ್ಲಿ ಓಡುವದೋ? ಕಣ್ಣು ಮಂದವಾದ ಮಗುವಿಗೆ ಅಕ್ಷರಗಳನ್ನು ದೊಡ್ಡದು ಮಾಡಬಹುದೋ? ಕೆಂಪು-ಹಸಿರುಗಳ ಭೇದವನ್ನು ಅರಿಯದ ಕಣ್ಣಿಗೆ ಬಣ್ಣವನ್ನು ಬಿಟ್ಟು ಬೇರೆ ಗುರುತುಂಟೋ? ಅಂಗವಿಕಲ ಮಕ್ಕಳಿಗೂ ಸಮಾನ ಶಿಕ್ಷಣವು ದೊರೆಯಬೇಕೆಂದು 2016ರ ಕಾಯಿದೆಯು ವಿಧಿಸಿರುವದನ್ನು ಮರೆಯಲಾಗದು.

ಐದನೆಯದು ಶಿಕ್ಷಕನ ಸ್ವಾತಂತ್ರ್ಯ. ಪಾಠದ ಕ್ರಮವನ್ನು ಬದಲಿಸಲಿಕ್ಕೆ, ತನ್ನ ಊರಿನ ಉದಾಹರಣೆಯನ್ನು ಸೇರಿಸಲಿಕ್ಕೆ, ಯಾವ ಮಗುವು ಎಲ್ಲಿ ಎಡವಿತೆಂಬದನ್ನು ಕಾಣಲಿಕ್ಕೆ ಶಿಕ್ಷಕನಿಗೆ ಅವಕಾಶವಿರಬೇಕು. ಮಾರ್ಕುಸ್ ಹೋಹೆನ್‌ವಾರ್ಟರ್ ಎಂಬವರು 2001ರಲ್ಲಿ ಆಸ್ಟ್ರಿಯಾ ದೇಶದಲ್ಲಿ ಆರಂಭಿಸಿದ ‘ಜಿಯೋಜಿಬ್ರಾ’ದಲ್ಲಿ ಶಿಕ್ಷಕನು ತ್ರಿಭುಜವನ್ನು ತಾನೇ ಎಳೆದು, ಅದರ ತುದಿಯನ್ನು ಸರಿಸಿ, ಮೂರು ಕೋನಗಳ ಮೊತ್ತವು 180 ಅಂಶಗಳಾಗಿಯೇ ನಿಲ್ಲುವದನ್ನು ಮಕ್ಕಳ ಕಣ್ಣಿಗೆ ತೋರಿಸಬಹುದು. ನೊಬೆಲ್ ಪುರಸ್ಕೃತರಾದ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ‘ಫೆಟ್’ ಪ್ರಯೋಗಗಳಲ್ಲಿ ಹಲವು ಕನ್ನಡದಲ್ಲಿಯೂ ಇವೆ. ಕರ್ನಾಟಕದ ವಿಷಯಶಿಕ್ಷಕರೇ ಕೂಡಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರವನ್ನು ಕಟ್ಟಿದ್ದಾರೆ. ಇಂಥವುಗಳಲ್ಲಿ ಶಿಕ್ಷಕನು ಕೂಲಿಯಾಳಲ್ಲ, ಒಡೆಯನು. ಇದಕ್ಕೆ ವಿರುದ್ಧವಾಗಿ, ಶಿಕ್ಷಕನು ಗುಂಡಿಯನ್ನು ಒತ್ತಿ ಬದಿಗೆ ನಿಲ್ಲಬೇಕಾದ ತಂತ್ರಾಂಶವು ಎಷ್ಟೇ ಬಣ್ಣದ್ದಿದ್ದರೂ ಅವನ ವಿದ್ಯೆಗೆ ತುಕ್ಕು ಹಿಡಿಸುವದು.

ಆರನೆಯದು ಮಕ್ಕಳ ಮಾನ ಹಾಗೂ ಶಾಲೆಯ ದುಡ್ಡು. ಉಚಿತವೆಂದು ಬಂದ ತಂತ್ರಾಂಶವು ಮಗುವಿನ ಹೆಸರು, ಚಿತ್ರ, ಅಂಕ, ಮನೆಯ ಮೊಬೈಲಿನ ಸಂಖ್ಯೆಗಳನ್ನು ಎಲ್ಲಿಗೆ ಕಳಿಸುವದು? ನಡುನಡುವೆ ಜಾಹೀರಾತುಗಳು ಬರುವವೋ? 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಅಧಿನಿಯಮವು 18 ವರ್ಷದೊಳಗಿನವರ ವಿಷಯದಲ್ಲಿ ಪಾಲಕರ ಒಪ್ಪಿಗೆಯನ್ನು ಅವಶ್ಯವೆಂದಿದೆ. ಇನ್ನು ದುಡ್ಡಿನ ಮಾತು: ಮೊದಲನೆಯ ವರ್ಷ ದಾನವಾಗಿ ಬಂದದ್ದಕ್ಕೆ ಎರಡನೆಯ ವರ್ಷ ಪರವಾನಗಿಯ ಶುಲ್ಕವೆಷ್ಟು? ಕೊಡದಿದ್ದರೆ ಮಕ್ಕಳ ಕೆಲಸವೂ ಶಿಕ್ಷಕನ ಟಿಪ್ಪಣಿಗಳೂ ಅದರೊಳಗೇ ಸೆರೆಯಾಗುವವೋ? ಕನ್ನಡಿಗರು ಈ ಕಷ್ಟವನ್ನು ಒಮ್ಮೆ ಉಂಡವರೇ. ಕನ್ನಡದ ಅಕ್ಷರಗಳಿಗೆ 1991ರಲ್ಲಿಯೇ ಯೂನಿಕೋಡಿನಲ್ಲಿ ಸ್ಥಾನವು ದೊರೆತಿದ್ದರೂ, ಬಹುಕಾಲ ಬೇರೆ ಬೇರೆ ಸಂಕೇತಗಳ ಅಕ್ಷರಮಾದರಿಗಳಲ್ಲಿಯೇ ಕಡತಗಳು ಬರೆಯಲ್ಪಟ್ಟವು. ಆ ಮಾದರಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುವದು. ಕಲ್ಯಾಣದ ಕ್ರಾಂತಿಯ ಕಾಲದಲ್ಲಿ ವಚನದ ಕಟ್ಟುಗಳನ್ನು ಕಾಯಲಿಕ್ಕೆ ಮಾಚಯ್ಯನವರು ಸೈನ್ಯವನ್ನೇ ಎದುರಿಸಿದರೆಂಬದು ಶರಣಪರಂಪರೆಯ ನಂಬಿಗೆ. ಬರೆದದ್ದು ಮುಂದಿನವರಿಗೆ ಓದಲಿಕ್ಕೆ ಉಳಿಯಬೇಕೆಂಬದೇ ಆ ಹೋರಾಟದ ತಿರುಳು. ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಯಾರು ಬೇಕಾದರೂ ಹುಡುಕುವಂತೆ ಯೂನಿಕೋಡಿನಲ್ಲಿ ತೆರೆದಿಟ್ಟ ‘ವಚನ ಸಂಚಯ’ವು ಆ ತಿರುಳನ್ನು ಅರಿತ ಕೆಲಸವಾಗಿದೆ.

ಒರೆಗಲ್ಲುಗಳಿದ್ದರೆ ಸಾಲದು, ಉಜ್ಜಿ ನೋಡುವ ಕ್ರಮವೂ ಬೇಕು. ಶಿಕ್ಷಕನು ಮೊದಲು ತಾನೇ ವಿದ್ಯಾರ್ಥಿಯಾಗಿ ಒಂದು ಪಾಠವನ್ನು ಮುಗಿಸಬೇಕು. ಬೇಕೆಂದೇ ತಪ್ಪು ಉತ್ತರಗಳನ್ನು ಕೊಡಬೇಕು. ತಪ್ಪಿಗೆ ತಂತ್ರಾಂಶವು ಹೇಗೆ ನಡೆದುಕೊಳ್ಳುವದೆಂಬದರಲ್ಲಿ ಅದರ ವಿದ್ಯೆಯೆಲ್ಲ ಬಯಲಾಗುವದು. ಎರಡನೆಯ ಹೆಜ್ಜೆಯಲ್ಲಿ ಐದು ಮಕ್ಕಳನ್ನು, ಚುರುಕಿನವರನ್ನಷ್ಟೇ ಅಲ್ಲ, ಹಿಂದುಳಿದವರನ್ನೂ ಕೂಡಿಸಿ, ಅದರ ಮುಂದೆ ಕುಳ್ಳಿರಿಸಬೇಕು. ತಾನು ಬಾಯಿ ತೆರೆಯದೆ, ಕೈ ಚಾಚದೆ, ಹಿಂದೆ ನಿಂತು ಬರೆದುಕೊಳ್ಳಬೇಕು: ಎಲ್ಲಿ ನಿಂತರು, ಎಲ್ಲಿ ಒಬ್ಬರ ಮುಖವನ್ನೊಬ್ಬರು ನೋಡಿದರು, ಎಲ್ಲಿ ಓದದೆಯೇ ಒತ್ತಿದರು. ಬಳಕೆಯ ದೊಡ್ಡ ತೊಡಕುಗಳಲ್ಲಿ ಬಹುಭಾಗವು ಐದು ಜನರ ಪರೀಕ್ಷೆಯಲ್ಲಿಯೇ ಹೊರಬೀಳುವದೆಂದು ಈ ಶಾಸ್ತ್ರದಲ್ಲಿ ಹೆಸರಾದ ಯಾಕೋಬ್ ನೀಲ್ಸನ್ ಅವರ ಅನುಭವವು. ಸುಮ್ಮನಿರುವದು ಶಿಕ್ಷಕನಿಗೆ ಕಠಿಣ ತಪಸ್ಸು. ಆದರೆ ಆ ಅರ್ಧ ತಾಸಿನ ಮೌನವು ಮಾರಾಟಗಾರನ ದಿನವಿಡೀ ಮಾತಿಗಿಂತ ಹೆಚ್ಚನ್ನು ತಿಳಿಸುವದು.

ಮೂರನೆಯ ಹೆಜ್ಜೆಯಲ್ಲಿ ಮೂರು ವಾರಗಳ ಪ್ರಯೋಗ. ಆರಂಭದಲ್ಲಿ ಹತ್ತು ಲೆಕ್ಕಗಳನ್ನು ಪಾಟಿಯ ಮೇಲೆ ಮಾಡಿಸಬೇಕು. ಕೊನೆಯಲ್ಲಿ ಅದೇ ತರದ ಬೇರೆ ಹತ್ತು ಲೆಕ್ಕಗಳನ್ನು ಪಾಟಿಯ ಮೇಲೆಯೇ ಮಾಡಿಸಬೇಕು. ತಂತ್ರಾಂಶವು ತಾನೇ ಕೊಟ್ಟುಕೊಂಡ ಅಂಕವನ್ನು ಸಾಕ್ಷಿಯಾಗಿ ಒಪ್ಪಲಾಗದು. ಸಾಧ್ಯವಿದ್ದರೆ ಇನ್ನೊಂದು ತರಗತಿಗೆ ಅದೇ ಪಾಠವನ್ನು ಖಡುವಿನಿಂದಲೇ ಹೇಳಿ ಇವೇ ಲೆಕ್ಕಗಳನ್ನು ಕೊಡಬೇಕು. ಎರಡೂ ಕಡೆ ಏರಿಕೆಯು ಸಮವಾಗಿದ್ದರೆ ಯಂತ್ರದಿಂದ ಬಂದದ್ದೇನೂ ಇಲ್ಲವೆಂದಾಯಿತು. ನಾಲ್ಕನೆಯದಾಗಿ ಬಳಸಿದ ಶಿಕ್ಷಕರ ಅಭಿಪ್ರಾಯ. ಜಾನ್ ಬ್ರೂಕ್ ಎಂಬವರು 1986ರಲ್ಲಿ ರಚಿಸಿದ ಹತ್ತು ವಾಕ್ಯಗಳ ಪ್ರಶ್ನಾವಳಿಯು ಇದಕ್ಕೆ ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಪ್ರತಿಯೊಂದು ವಾಕ್ಯಕ್ಕೆ 1ರಿಂದ 5ರವರೆಗೆ ಒಪ್ಪಿಗೆಯ ಅಂಕ. ಬೆಸಸಂಖ್ಯೆಯ ವಾಕ್ಯಗಳ ಅಂಕದಲ್ಲಿ 1ನ್ನು ಕಳೆಯಬೇಕು. ಸಮಸಂಖ್ಯೆಯವುಗಳ ಅಂಕವನ್ನು 5ರಲ್ಲಿ ಕಳೆಯಬೇಕು. ಎಲ್ಲವನ್ನು ಕೂಡಿಸಿ ಎರಡೂವರೆಯಿಂದ ಗುಣಿಸಬೇಕು. ನೂರಕ್ಕೆ 68ರ ಸುಮಾರು ಬಂದರೆ ಸಾಧಾರಣವೆಂದು ಎಣಿಸುವರು. ಆದರೆ ಇದು ಬಳಕೆಯ ಸುಖವನ್ನಷ್ಟೇ ಅಳೆಯುವದು, ಕಲಿಕೆಯನ್ನಲ್ಲ. ಪಾಟಿಯ ಮೇಲಿನ ಲೆಕ್ಕಗಳ ಸಾಕ್ಷಿಗೆ ಇದು ಜೊತೆಯೇ ಹೊರತು ಬದಲಲ್ಲ.

ಕೊನೆಯ ಹೆಜ್ಜೆಯು ಬರೆದಿಡುವದು. ಒಂದು ಶಾಲೆಯು ಕಂಡದ್ದನ್ನು ಒಂದು ಪುಟದಲ್ಲಿ ಬರೆದು ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಓದಿದರೆ, ನೆರೆಯ ಹತ್ತು ಶಾಲೆಗಳು ಅದೇ ಕಲ್ಲಿಗೆ ಎಡವುವದು ತಪ್ಪುವದು. ಅನುಭವವನ್ನು ಕೂಡಿ ಕುಳಿತು ಒರೆಗೆ ಹಚ್ಚುವದು ಈ ನಾಡಿಗೆ ಅನುಭವಮಂಟಪದ ಕಾಲದಿಂದ ಬಂದ ಸಂಪ್ರದಾಯವೇ ಅಲ್ಲವೇ?

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಎರಡು ಮೂರು ತರಗತಿಗಳನ್ನು ಒಬ್ಬನೇ ನೋಡಿಕೊಂಡು, ಬಿಸಿಯೂಟದ ಲೆಕ್ಕವನ್ನೂ ಜನಗಣತಿಯನ್ನೂ ಚುನಾವಣೆಯ ಕೆಲಸವನ್ನೂ ಹೊರುವ ಶಿಕ್ಷಕನಿಗೆ ಇಷ್ಟೆಲ್ಲ ವೇಳೆಯೆಲ್ಲಿ ಎಂದು ಕೇಳುವರು. ಮಾತು ಸತ್ಯವಾದದ್ದು. ಅದಕ್ಕೆಂದೇ ಒಬ್ಬೊಬ್ಬರೇ ಎಲ್ಲವನ್ನೂ ಪರೀಕ್ಷಿಸದೆ ಒಂದೊಂದು ಶಾಲೆಯು ಒಂದೊಂದನ್ನು ವಹಿಸಿಕೊಳ್ಳುವದು ಒಳ್ಳೆಯದು. ಪರೀಕ್ಷಿಸದೆ ಒಪ್ಪಿಕೊಂಡರೆ ವೇಳೆಯು ಉಳಿಯುವದೆಂಬದೂ ಭ್ರಾಂತಿಯೇ. ಕೆಟ್ಟ ತಂತ್ರಾಂಶವು ವರ್ಷವಿಡೀ ವಾರಕ್ಕೊಂದು ತಾಸನ್ನು ನುಂಗುವದು. ಇನ್ನು ಕೆಲವರು, ಶಿಕ್ಷಕರಿಗೇ ಯಂತ್ರವು ಬಾರದು, ಅವರು ಏನು ಪರೀಕ್ಷಿಸಿಯಾರು ಎನ್ನುವರು. ಯಂತ್ರದೊಳಗಣ ವಿದ್ಯೆಯು ಇಲ್ಲಿ ಬೇಕಾಗಿಲ್ಲ. ಮಗುವಿಗೆ ತಿಳಿಯಿತೋ ಇಲ್ಲವೋ ಎಂಬದನ್ನು ಅದರ ಕಣ್ಣು ನೋಡಿ ಅರಿಯುವ ವಿದ್ಯೆಯು ಬೇಕು. ಅದು ಶಿಕ್ಷಕನಲ್ಲಿ ಇದ್ದಷ್ಟು ಯಂತ್ರವನ್ನು ಮಾಡಿದವನಲ್ಲಿಯೂ ಇಲ್ಲ, ಮಾರಿದವನಲ್ಲಿಯೂ ಇಲ್ಲ, ದಾನ ಕೊಟ್ಟವನಲ್ಲಿಯೂ ಇಲ್ಲ.

ಭಕ್ತಮಹಾಶಯರಿಗೂ ಇಲ್ಲಿ ಒಂದು ಬಿನ್ನಹವಿದೆ. ಅಕ್ಷರದಾಸೋಹಕ್ಕೆಂದು ಕೊಡುವ ದ್ರವ್ಯವು ಸತ್ಪಾತ್ರಕ್ಕೆ ಸೇರಬೇಕೆಂದು ಎಲ್ಲರ ಅಪೇಕ್ಷೆಯು. ಕೊಡುವ ಮೊದಲು ಶಾಲೆಯ ಶಿಕ್ಷಕರನ್ನು ಕೇಳತಕ್ಕದ್ದು; ಒಂದು ತಿಂಗಳು ಬಳಸಿ ನೋಡಲಿಕ್ಕೆ ಬಿಡತಕ್ಕದ್ದು; ಯಂತ್ರದ ಬೆಲೆಯ ಸಂಗಡ ರಿಪೇರಿಗೂ ತರಬೇತಿಗೂ ಒಂದು ಭಾಗವನ್ನು ತೆಗೆದಿರಿಸತಕ್ಕದ್ದು. ಎಲ್ಲಕ್ಕಿಂತ ಮಿಗಿಲಾಗಿ, ಶಿಕ್ಷಕನು ಪರೀಕ್ಷಿಸಿ ‘ಇದು ಬೇಡ’ ಎಂದರೆ ಅದನ್ನು ಅವಮಾನವೆಂದು ತಿಳಿಯದೆ ಒಪ್ಪಿಕೊಳ್ಳತಕ್ಕದ್ದು. ಬೇಡವೆನ್ನುವ ಅಧಿಕಾರವಿಲ್ಲದವನ ಪರೀಕ್ಷೆಯು ಪರೀಕ್ಷೆಯೇ ಅಲ್ಲ. ದಾನಿಗಳ ಹೆಸರಿನ ಫಲಕವು ಗೋಡೆಯ ಮೇಲೆ ಉಳಿದು, ಕೆಳಗಿನ ಯಂತ್ರಕ್ಕೆ ಧೂಳು ಹಿಡಿದರೆ ದಾನವು ಯಾರಿಗೆ ಸಂದಿತು?

ಮಡಿವಾಳನ ಕೈಗೆ ಕೊಟ್ಟ ಬಟ್ಟೆಯು ಕೆಟ್ಟರೆ ಇನ್ನೊಂದು ಬಟ್ಟೆಯನ್ನು ನೇಯಬಹುದು. ಮೂರನೆಯ ತರಗತಿಯ ಮಗುವಿಗೆ ಆ ವರ್ಷವು ಒಮ್ಮೆಯೇ ಬರುವದು. ಅದನ್ನು ಯಾವ ಹೊಳೆಯಲ್ಲಿ ಒಗೆಯಬೇಕೆಂಬದನ್ನು ಗಂಟು ಬಿಚ್ಚಿ ನೋಡಿಯೇ ನಿರ್ಣಯಿಸುವ ಎಚ್ಚರವು ಶಿಕ್ಷಕರಿಗಿರಲಿ. ಆ ಎಚ್ಚರಕ್ಕೆ ಬೆಂಬಲವಾಗಿ ನಿಲ್ಲುವ ಔದಾರ್ಯವು ಭಕ್ತರಿಗಿರಲಿ. ಮಾಚಯ್ಯನವರ ಈ ನೆಲದಲ್ಲಿ ಇದಕ್ಕಿಂತ ಬೇರೆ ಪ್ರಾರ್ಥನೆಯು ಬೇಕಿಲ್ಲ.